ನಿಕಲ್, ಕೋಬಾಲ್ಟ್, ಕ್ರೋಮ್ ಮೂರೂ ಪಾಸಿಟಿವ್: ಒಂದು ಲೋಹ ಆಗದಿದ್ದರೆ ಎಲ್ಲವೂ ಆಗಲ್ವಾ?

ಜಾಜಿಹೂ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಉಮಾಗೋಲ್ಡ್ ಓಲೆ ಹಾಕಿಕೊಂಡು ಮದುವೆಗೆ ಹೋಗಿ ಬಂದರೆ ಮರುದಿನ ಕಿವಿ ಸೋರುವುದು ನನಗೆ ಕಾಲೇಜಿನ ಕಾಲದಿಂದಲೂ ಇದೆ. ವಾಚಿನ ಬಕಲ್ ತಾಗುವ ಕಡೆ ಕೆರೆತ. ಜೀನ್ಸ್ ಗುಂಡಿ ತಾಗುವ ಕಡೆ, ಹೊಕ್ಕಳ ಕೆಳಗೆ, ಕಪ್ಪು ಕಲೆ. ಬಂಗಾರದ್ದು ಬಿಟ್ಟು ಬೇರೆ ಹಾಕದೆ ಇಷ್ಟು ದಿನ ದೂಡಿದೆ.

ಈಗ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿದೆ, ಕ್ಯಾಪ್ ಹಾಕಿಸಬೇಕು. ಕಡಿಮೆ ಬೆಲೆಯ ಕ್ಯಾಪಿನ ಒಳಗೆ ನಿಕಲ್-ಕ್ರೋಮ್ ಇರುತ್ತದಂತೆ. ನಿಕಲ್ ಬೇಡ ಅಂದರೆ ಕೋಬಾಲ್ಟ್-ಕ್ರೋಮ್, ಅದೂ ಬೇಡ ಅಂದರೆ ಬಂಗಾರ-ಪಲ್ಲಾಡಿಯಂ ಮಿಶ್ರಣ. ಯಾವುದು ಮೈಗೆ ಆಗುತ್ತದೆ ಅಂತ ಪ್ಯಾಚ್ ಟೆಸ್ಟ್ (ಬೆನ್ನಿಗೆ ಲೋಹದ ಲವಣಗಳ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸಿಕೊಂಡು ಬನ್ನಿ ಅಂದರು. ಮಾಡಿಸಿದೆ. ರಿಪೋರ್ಟ್ ಹೀಗಿದೆ (+ ಹೆಚ್ಚಿದ್ದಷ್ಟೂ ಜೋರು, ?+ ಅಂದರೆ ಅನುಮಾನ):

ನಿಕಲ್ ಸಲ್ಫೇಟ್: +++
ಕೋಬಾಲ್ಟ್ ಕ್ಲೋರೈಡ್: +
ಪೊಟ್ಯಾಸಿಯಂ ಡೈಕ್ರೋಮೇಟ್: ?+

ಕೆಳಗೆ "ಲೋಹಗಳ ನಡುವೆ ಕ್ರಾಸ್ ರಿಯಾಕ್ಷನ್, ಎಲ್ಲಾ ಲೋಹ ದೂರವಿಡಿ" ಅಂತ ಬರೆದಿದ್ದಾರೆ. ಎಲ್ಲಾ ಲೋಹ ಅಂದರೆ ಹೇಗೆ? ಮನೆಯ ಸ್ಟೀಲ್ ಪಾತ್ರೆ ಏನು ಮಾಡಲಿ? ಕರಿಮಣಿ ಸರ ತೆಗೆದಿಡಬೇಕಾ? ಒಂದು ಲೋಹಕ್ಕೆ ಅಲರ್ಜಿ ಇದ್ದವರಿಗೆ ಉಳಿದದ್ದಕ್ಕೂ ತಾನಾಗಿ ಬರುತ್ತದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ನೆಮ್ಮದಿ_ಮನೆ, ತುಮಕೂರು

ಅಕ್ಕಾ, ಬೆನ್ನಿಗೆ ಪಟ್ಟಿ ಅಂಟಿಸಿಕೊಂಡು ಒದ್ದಾಡುವ ಬದಲು ರಕ್ತದ ಅಲರ್ಜಿ ಪ್ಯಾನೆಲ್ ಮಾಡಿಸಿ. ನನ್ನ ತಮ್ಮನಿಗೆ ಧೂಳು, ಸೀಗಡಿ ಎಲ್ಲಾ ಅದರಲ್ಲೇ ಗೊತ್ತಾಯಿತು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ.

ಚರ್ಮದ ಡಾಕ್ಟರು, ಮೈಸೂರು

ರಕ್ತದ ಪ್ಯಾನೆಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಆ ದುಡ್ಡು ಉಳಿಸಿಕೊಳ್ಳಿ. ಅದು ಐಜಿಇ ಎಂಬ ಪ್ರತಿಕಾಯವನ್ನು ಅಳೆಯುತ್ತದೆ. ಧೂಳಿಗೆ ಸೀನು ಬರುವುದು, ಸೀಗಡಿ ತಿಂದು ತುಟಿ ಊದುವುದು ಆ ಜಾತಿಯ ಅಲರ್ಜಿ, ನಿಮಿಷಗಳಲ್ಲಿ ಬರುತ್ತದೆ. ಲೋಹದ್ದು ಟಿ ಕೋಶಗಳ, ಅಂದರೆ ರೋಗನಿರೋಧಕ ಬಿಳಿ ರಕ್ತಕಣಗಳ ಕೆಲಸ. ಒಂದೆರಡು ದಿನ ಬಿಟ್ಟು ಬರುತ್ತದೆ. ಅದಕ್ಕೇ ಜಾಜಿಹೂ ಅವರ ಕಿವಿ ಮರುದಿನ ಸೋರುವುದು. ಇದನ್ನು ಹಿಡಿಯಲು ಈಗಲೂ ಚರ್ಮದ ಮೇಲೇ ಪರೀಕ್ಷೆ ಮಾಡಬೇಕು. 1895ರಲ್ಲಿ ಯಾಡಾಸೋನ್ ಎಂಬ ವೈದ್ಯರು ಪಾದರಸ ಹಚ್ಚಿ ತೋರಿಸಿದ ವಿಧಾನವೇ ಇವತ್ತಿಗೂ ಬುನಾದಿ.

ಜಾಜಿಹೂ ಅವರೇ, ಎರಡು ವಿಷಯ ಕೇಳಬೇಕು. ಪಟ್ಟಿ ತೆಗೆದ ಮೇಲೆ ಎಷ್ಟು ಸಲ ನೋಡಿದರು? ಬೆನ್ನ ಮೇಲೆ ಮೂರು ಲೋಹಗಳೂ ಅಕ್ಕಪಕ್ಕ ಇದ್ದವಾ?

ಜಾಜಿಹೂ, ದಾವಣಗೆರೆ

ಮೇಡಂ, ಪಟ್ಟಿ ತೆಗೆದ ದಿನವೇ ನೋಡಿ ಬರೆದುಕೊಟ್ಟರು. ಮತ್ತೆ ಬನ್ನಿ ಅನ್ನಲಿಲ್ಲ. ಬೆನ್ನಿನ ಫೋಟೋ ಯಜಮಾನರ ಮೊಬೈಲಿನಲ್ಲಿದೆ. ನಿಕಲ್ ಜಾಗದಲ್ಲಿ ಚಿಕ್ಕ ಚಿಕ್ಕ ನೀರುಗುಳ್ಳೆ ಒಂದಕ್ಕೊಂದು ಕೂಡಿಕೊಂಡು, ವೃತ್ತ ದಾಟಿ ಸುತ್ತಲೂ ಕೆಂಪು ಹರಡಿದೆ. ಅದರ ಕೆಳಗಿನದೇ ಕೋಬಾಲ್ಟ್. ಅಲ್ಲಿ ಸಣ್ಣ ಕೆಂಪು ಚುಕ್ಕೆಗಳು, ಸೂಜಿಯಿಂದ ಚುಚ್ಚಿದ ಹಾಗೆ. ಕೆರೆತ ಇರಲಿಲ್ಲ. ಕ್ರೋಮ್ ಜಾಗ ಬರೀ ತಿಳಿಗೆಂಪು.

ಚರ್ಮದ ಡಾಕ್ಟರು, ಮೈಸೂರು

ಇಷ್ಟು ಚೆನ್ನಾಗಿ ನೋಡಿ ಬರೆದಿದ್ದೀರಿ, ಅದರಿಂದಲೇ ಅರ್ಧ ಉತ್ತರ ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಂಥ ರಿಪೋರ್ಟ್ ಹಿಡಿದುಕೊಂಡು ಹೆದರಿ ಬರುವವರು ಜಾಸ್ತಿ.

ಒಂದಕ್ಕಿಂತ ಹೆಚ್ಚು ಲೋಹ ಪಾಸಿಟಿವ್ ಬಂದ ತಕ್ಷಣ ಅದು ಕ್ರಾಸ್ ರಿಯಾಕ್ಷನ್ ಅಲ್ಲ. ನಿಜವಾದ ಕ್ರಾಸ್ ರಿಯಾಕ್ಷನ್ ಅಂದರೆ, ನಿಕಲ್ ನೋಡಿ ಕಲಿತ ಟಿ ಕೋಶ ಬೇರೆ ಲೋಹವನ್ನೂ ನಿಕಲ್ ಎಂದೇ ತಿಳಿದು ಮೇಲೆ ಬೀಳುವುದು. ಆ ಬೇರೆ ಲೋಹ ಮೊದಲು ಎಂದೂ ಮೈಗೆ ತಾಗಿರಬೇಕು ಅಂತಲೇ ಇಲ್ಲ. ಇನ್ನೊಂದು ಬಗೆ, ಎರಡೂ ಲೋಹ ಒಟ್ಟಿಗೆ ಮೈಗೆ ತಾಗುತ್ತಾ ಬಂದು ಎರಡಕ್ಕೂ ಬೇರೆ ಬೇರೆಯಾಗಿ ಅಲರ್ಜಿ ಬಂದಿರುವುದು. ಮೂರನೆಯದು, ಎರಡನೇ ಲೋಹಕ್ಕೆ ಅಲರ್ಜಿಯೇ ಇಲ್ಲ, ಪರೀಕ್ಷೆಯ ದಿನ ಚರ್ಮ ಕೆರಳಿ ಹಾಗೆ ತೋರಿಸಿದೆ ಅಷ್ಟೆ.

ಈ ಮೂರನೆಯದಕ್ಕೆ ನಾವು ಸಿಟ್ಟಿಗೆದ್ದ ಬೆನ್ನು ಅನ್ನುತ್ತೇವೆ. ಒಂದು ಜಾಗದಲ್ಲಿ +++ ಬಂತು ಅಂದರೆ ಪಕ್ಕದ ಚರ್ಮವೂ ಸೂಕ್ಷ್ಮವಾಗಿರುತ್ತದೆ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಮ್ಮ ಗೋಡೆ ಬಿಸಿಯಾಗುತ್ತದಲ್ಲ, ಹಾಗೆ. ಅಲ್ಲಿ ಬಂದ + ಅಥವಾ ?+ ಅನ್ನು ಹಾಗೇ ನಂಬುವುದಿಲ್ಲ. ನಿಕಲ್, ಕೋಬಾಲ್ಟ್, ಕ್ರೋಮ್ ಮೂರನ್ನೂ ಬೆನ್ನಿನ ಮೇಲೆ ದೂರ ದೂರ ಇಡಬೇಕು ಅನ್ನುವುದು ಅದಕ್ಕೇ.

ನೀವು ಹೇಳಿದ ಕೋಬಾಲ್ಟಿನ ಸೂಜಿಚುಕ್ಕೆ ಇನ್ನೊಂದು ಸುಳಿವು. ಕೋಬಾಲ್ಟ್ ಕ್ಲೋರೈಡ್ ಬೆವರು ರಂಧ್ರಗಳ ಜಾಗದಲ್ಲಿ ಇಂಥ ಚುಕ್ಕೆ ಮೂಡಿಸುತ್ತದೆ. ಕೆರೆತ ಇಲ್ಲ, ಗಟ್ಟಿ ಊತ ಇಲ್ಲ, ಬರೀ ಚುಕ್ಕೆ ಅಂದರೆ ಅದು ಅಲರ್ಜಿಯಲ್ಲ, ಬರೀ ಉರಿಕೆ. ನಿಜವಾದ ಪಾಸಿಟಿವ್ ಮೇಲೆ ಬೆರಳಾಡಿಸಿದರೆ ಚರ್ಮ ಉಬ್ಬಿ ದಪ್ಪಗಾಗಿರುವುದು ತಿಳಿಯುತ್ತದೆ. ಅದಕ್ಕೇ ನಾವು ಕಣ್ಣಿನಿಂದ ಮಾತ್ರ ಓದುವುದಿಲ್ಲ, ಮುಟ್ಟಿಯೂ ನೋಡುತ್ತೇವೆ. ಡೈಕ್ರೋಮೇಟ್ ಕೂಡ ಉರಿಸುವ ಸ್ವಭಾವದ್ದೇ. ಯುರೋಪಿನಲ್ಲಿ ಶೇಕಡಾ 0.5, ಅಮೆರಿಕದಲ್ಲಿ ಶೇಕಡಾ 0.25 ಬಳಸುತ್ತಾರೆ. ಸಾಂದ್ರತೆ ಹೆಚ್ಚಿದ್ದರೆ ತಿಳಿಗೆಂಪು ಸುಲಭವಾಗಿ ಬರುತ್ತದೆ.

ಇನ್ನು ಓದುವ ದಿನ. ಪಟ್ಟಿ 48 ಗಂಟೆ ಬೆನ್ನ ಮೇಲಿರುತ್ತದೆ. ತೆಗೆದು ಸ್ವಲ್ಪ ಹೊತ್ತು ಬಿಟ್ಟು ಒಮ್ಮೆ ನೋಡಬೇಕು. ಮೂರನೇ ಅಥವಾ ನಾಲ್ಕನೇ ದಿನ ಮತ್ತೆ ನೋಡಲೇಬೇಕು. ಲೋಹವಾದರೆ ಏಳನೇ ದಿನದ ಸುಮಾರಿಗೆ ಇನ್ನೊಮ್ಮೆ. ಉರಿಕೆಯ ಕೆಂಪು ಅಷ್ಟರಲ್ಲಿ ಇಳಿಯುತ್ತದೆ. ನಿಜವಾದ ಅಲರ್ಜಿ ನಿಲ್ಲುತ್ತದೆ, ಕೆಲವೊಮ್ಮೆ ಏರುತ್ತದೆ. ತಡವಾಗಿ ಮೂಡುವ ಲೋಹದ ಅಲರ್ಜಿಗಳೂ ಇವೆ. ಮೊದಲ ದಿನದ ಓದಿನ ಮೇಲೆ "ಎಲ್ಲಾ ಲೋಹ ದೂರವಿಡಿ" ಅಂತ ಬರೆಯುವುದು ತಪ್ಪು. ಒಬ್ಬ ಮನುಷ್ಯನ ದಿನನಿತ್ಯದ ಬದುಕೇ ಅದರಿಂದ ಬದಲಾಗುತ್ತದೆ.

ನನ್ನ ಸಲಹೆ: ಬೆನ್ನು ಪೂರ್ತಿ ಮಾಗಲಿ. ಕೆಲವು ವಾರ ಬಿಟ್ಟು ಕೋಬಾಲ್ಟ್ ಮತ್ತು ಕ್ರೋಮ್ ಮಾತ್ರ ಮತ್ತೆ ಹಾಕಿಸಿ, ನಿಕಲ್ ಹತ್ತಿರವೂ ಬೇಡ. ಜೊತೆಗೆ ಪಲ್ಲಾಡಿಯಂ ಕೇಳಿ ಹಾಕಿಸಿ. ನಿಮ್ಮ ಹಲ್ಲಿಗೆ ಅದೇ ಮುಖ್ಯ. ಭಾರತದ ಸ್ಟ್ಯಾಂಡರ್ಡ್ ಸರಣಿಯಲ್ಲಿ ನಿಕಲ್, ಕೋಬಾಲ್ಟ್, ಕ್ರೋಮ್ ಇರುತ್ತವೆ. ಪಲ್ಲಾಡಿಯಂ ಬೇಕಾದರೆ ಬೇರೆಯಾಗಿ ತರಿಸಬೇಕಾಗುತ್ತದೆ.

ಅಕ್ಕಸಾಲಿ_ಮಗ, ಶಿರಸಿ

ಕರಿಮಣಿ ಸರದ ಬಗ್ಗೆ ಕೇಳಿದ್ದಕ್ಕೆ ನನ್ನ ಮಾತು. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಭಾಗ ಬಂಗಾರ. ಉಳಿದದ್ದರಲ್ಲಿ ನಾವು ಹಾಕುವುದು ತಾಮ್ರ, ಬೆಳ್ಳಿ. ಹಳದಿ ಬಂಗಾರಕ್ಕೆ ನಿಕಲ್ ಬೇಕಾಗುವುದಿಲ್ಲ. ಬಿಳಿ ಬಂಗಾರದ ಕಥೆ ಬೇರೆ. ಹಳದಿ ಬಣ್ಣ ಕಳೆಯಲು ನಿಕಲ್ ಅಥವಾ ಪಲ್ಲಾಡಿಯಂ ಸೇರಿಸಲೇಬೇಕು. ಮೇಲೆ ರೋಡಿಯಂ ಪಾಲಿಶ್ ಕೊಟ್ಟಿರುತ್ತಾರೆ. ಹೊಸದರಲ್ಲಿ ಏನೂ ಆಗಲ್ಲ. ಉಜ್ಜಿ ಉಜ್ಜಿ ಪಾಲಿಶ್ ಹೋದ ಮೇಲೆ ಬೆರಳು ಕೆರೆಯಲು ಶುರು. ಹಾಲ್‌ಮಾರ್ಕ್ ಬಂಗಾರ ಎಷ್ಟಿದೆ ಅಂತ ಹೇಳುತ್ತದೆ, ಉಳಿದ ಭಾಗದಲ್ಲಿ ಏನಿದೆ ಅಂತ ಹೇಳಲ್ಲ. ಅದನ್ನು ಅಂಗಡಿಯವರನ್ನೇ ಕೇಳಬೇಕು.

ಇನ್ನೊಂದು. ಸರ ಬಂಗಾರದ್ದೇ ಇರುತ್ತದೆ, ಅದಕ್ಕೆ ಸಿಕ್ಕಿಸಿಕೊಂಡ ಪಿನ್ನು ಐದು ರೂಪಾಯಿಯದು. ಓಲೆ ಬಂಗಾರದ್ದು, ತಿರುಪು ಕಳೆದುಹೋಗಿ ಹಾಕಿಕೊಂಡದ್ದು ಬೇರೆಯದು. ಕೆರೆತ ಇದ್ದವರು ನಮ್ಮಲ್ಲಿಗೆ ಬಂದಾಗ ನಾನು ಮೊದಲು ನೋಡುವುದು ಆ ಪಿನ್ನು, ಆ ತಿರುಪು.

ಕೆಮಿಸ್ಟ್ರಿ_ಮೇಷ್ಟ್ರು, ಧಾರವಾಡ

ಅಕ್ಕಸಾಲಿ ಅವರ ಮಾತು ನಿಜ. ಯಾವುದರಲ್ಲಿ ನಿಕಲ್ ಬಿಡುತ್ತದೆ ಅಂತ ಮನೆಯಲ್ಲೇ ನೋಡಬಹುದು. ಬಿಎಸ್ಸಿ ಪ್ರಾಕ್ಟಿಕಲ್ ಮಾಡಿದವರಿಗೆ ಡೈಮಿಥೈಲ್ ಗ್ಲೈಆಕ್ಸಿಮ್ ನೆನಪಿರುತ್ತದೆ, ಪ್ರನಾಳದಲ್ಲಿ ಗುಲಾಬಿಗೆಂಪು ಕೂರುತ್ತಿತ್ತಲ್ಲ, ಅದೇ. ಅದರ ದ್ರಾವಣ ಮತ್ತು ಅಮೋನಿಯ ಒಂದೊಂದು ಹನಿ ಹತ್ತಿಯ ಕಡ್ಡಿಗೆ ಹಾಕಿ ಒಡವೆಯ ಮೇಲೆ ಅರ್ಧ ನಿಮಿಷ ಉಜ್ಜಬೇಕು. ಹತ್ತಿ ಗುಲಾಬಿಯಾದರೆ ನಿಕಲ್ ಹೊರಬರುತ್ತಿದೆ ಅಂತ. ಇದರ ಕಿಟ್ ಕೊಳ್ಳಲೂ ಸಿಗುತ್ತದೆ. ಅಮೋನಿಯ ಘಾಟು, ಕಿಟಕಿ ತೆರೆದು ಮಾಡಿ.

ನಮ್ಮ ಮನೆಯ ಸಾಮಾನು ಮೇಜಿನ ಮೇಲೆ ಸಾಲಾಗಿಟ್ಟು ಮಗಳ ಜೊತೆ ಮಾಡಿದೆ. ಸ್ಟೀಲ್ ಲೋಟ: ಹತ್ತಿ ಬೆಳ್ಳಗೇ ಉಳಿಯಿತು. ಬೆಳ್ಳಿ ಕಾಲುಂಗುರ: ಏನೂ ಇಲ್ಲ. ಸೇಫ್ಟಿ ಪಿನ್: ಗುಲಾಬಿ. ಹಳೇ ಬೆಲ್ಟಿನ ಬಕಲ್: ಗುಲಾಬಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಉಡುಗೊರೆ ಬಂದ ಜರ್ಮನ್ ಸಿಲ್ವರ್ ಕುಂಕುಮ ಬಟ್ಟಲು: ಉಜ್ಜುವ ಮೊದಲೇ ಕಡ್ಡಿ ಕಡು ಗುಲಾಬಿ. ಜರ್ಮನ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತು. ಬೆಳ್ಳಿ ಅದರಲ್ಲಿ ಇಲ್ಲವೇ ಇಲ್ಲ. ಬಟ್ಟಲು ದೇವರ ಮುಂದೆ ಇದ್ದರೆ ತೊಂದರೆಯಿಲ್ಲ, ಅದೇ ಲೋಹದ ಬಳೆ, ಕಾಲ್ಗೆಜ್ಜೆ, ಜುಮುಕಿ ಈಗ ಎಲ್ಲಾ ಕಡೆ ಮಾರಾಟಕ್ಕಿದೆ. ನಿಕಲ್ ಆಗದವರು ಅದನ್ನು ಮುಟ್ಟಲೇಬೇಡಿ.

ಸ್ಟೀಲಿನಲ್ಲೂ ನಿಕಲ್ ಇದೆ. 304 ಎನ್ನುವ ದರ್ಜೆಯಲ್ಲಿ ಶೇಕಡಾ 8ರಿಂದ 10. ಮೇಲ್ಮೈ ಮೇಲಿನ ಕ್ರೋಮಿಯಂ ಆಕ್ಸೈಡ್ ಪದರ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೋಹದಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಬೆವರಿಗೆ ಎಷ್ಟು ಬಿಡುತ್ತದೆ ಎನ್ನುವುದೇ ಚರ್ಮಕ್ಕೆ ಮುಖ್ಯ.

ಡಾಕ್ಟ್ರೇ, ನನ್ನದೊಂದು ಪ್ರಶ್ನೆ. ಆವರ್ತ ಕೋಷ್ಟಕದಲ್ಲಿ ಕೋಬಾಲ್ಟ್ 27, ನಿಕಲ್ 28, ಅಕ್ಕಪಕ್ಕ. ಅಯಾನಿನ ಗಾತ್ರವೂ ಹತ್ತಿರ ಹತ್ತಿರ. 2010ರಲ್ಲಿ ಬಂದ ಸಂಶೋಧನೆಯಲ್ಲಿ, ನಿಕಲ್ ಮನುಷ್ಯರ ಟಿಎಲ್‌ಆರ್4 ಎಂಬ ಗ್ರಾಹಕದ (ಕೋಶದ ಮೇಲಿನ ಪ್ರೋಟೀನು) ಅಮೈನೋ ಆಮ್ಲಗಳಾದ ಹಿಸ್ಟಿಡಿನ್‌ಗಳಿಗೆ ನೇರವಾಗಿ ಅಂಟಿಕೊಂಡು ಉರಿಯೂತ ಶುರುಮಾಡುತ್ತದೆ ಅಂತ ತೋರಿಸಿದ್ದರು. ಕೋಬಾಲ್ಟ್ ಕೂಡ ಅದೇ ಗ್ರಾಹಕವನ್ನು ಕೆರಳಿಸುತ್ತದೆ. ಹಾಗಿದ್ದ ಮೇಲೆ ಇವೆರಡರ ನಡುವೆ ಕ್ರಾಸ್ ರಿಯಾಕ್ಷನ್ ಇರಬೇಕಲ್ವಾ?

ಚರ್ಮದ ಡಾಕ್ಟರು, ಮೈಸೂರು

ಒಳ್ಳೆಯ ಪ್ರಶ್ನೆ ಸರ್. ಟಿಎಲ್‌ಆರ್4 ಮಾಡುವುದು ಉರಿಯೂತ ಎಬ್ಬಿಸುವ ಕೆಲಸ. ಈ ಲೋಹ ಯಾವುದು ಅಂತ ಗುರುತಿಟ್ಟುಕೊಳ್ಳುವುದು ಟಿ ಕೋಶ. ಎರಡು ಲೋಹ ಒಂದೇ ಗ್ರಾಹಕವನ್ನು ಕೆರಳಿಸಿದರೆ ಎರಡಕ್ಕೂ ಅಲರ್ಜಿ ಹುಟ್ಟುವುದು ಸುಲಭವಾಗುತ್ತದೆ. ಆದರೆ ಒಂದಕ್ಕೆ ಹುಟ್ಟಿದ ನೆನಪು ಇನ್ನೊಂದಕ್ಕೂ ಅನ್ವಯಿಸಬೇಕು ಅಂತಿಲ್ಲ. ಇಲಿಗಳ ಟಿಎಲ್‌ಆರ್4ನಲ್ಲಿ ಆ ಹಿಸ್ಟಿಡಿನ್‌ಗಳು ಇಲ್ಲ, ಅದಕ್ಕೇ ಅವುಗಳಿಗೆ ನಿಕಲ್ ಅಲರ್ಜಿ ಬರಿಸುವುದು ಕಷ್ಟ.

ನಮ್ಮ ಅನುಭವದ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ಕೋಬಾಲ್ಟ್ ಪಾಸಿಟಿವ್ ಬಂದ ಹೆಂಗಸರಲ್ಲಿ ಜೊತೆಗೆ ಸಾಮಾನ್ಯವಾಗಿ ಇರುವುದು ನಿಕಲ್, ಒಡವೆಯಿಂದ ಬಂದದ್ದು. ಸಿಮೆಂಟ್ ಕೆಲಸದ ಗಂಡಸರಲ್ಲಿ ಕೋಬಾಲ್ಟ್ ಜೊತೆ ಇರುವುದು ಕ್ರೋಮ್, ಅಲ್ಲಿ ನಿಕಲ್ ಸಾಮಾನ್ಯವಾಗಿ ಇರುವುದಿಲ್ಲ. ಕೋಬಾಲ್ಟಿಗೂ ನಿಕಲ್ಲಿಗೂ ನಿಜವಾದ ಕ್ರಾಸ್ ರಿಯಾಕ್ಷನ್ ಇದ್ದಿದ್ದರೆ ಈ ಜೋಡಿ ಕೆಲಸಕ್ಕೆ ತಕ್ಕಂತೆ ಬದಲಾಗುತ್ತಿರಲಿಲ್ಲ. ಅವು ಮೈಗೆ ಒಟ್ಟಿಗೆ ತಾಗುತ್ತವೆ, ಆದ್ದರಿಂದ ಅಲರ್ಜಿಯೂ ಒಟ್ಟಿಗೆ ಕಾಣುತ್ತದೆ.

ಟೂಲ್‌ರೂಮ್_ಪೀಣ್ಯ, ಬೆಂಗಳೂರು

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನಾನೇ ಸಾಕ್ಷಿ. ಪೀಣ್ಯದಲ್ಲಿ ಕಾರ್ಬೈಡ್ ಟೂಲ್ ಗ್ರೈಂಡಿಂಗ್ ಕೆಲಸ. ಬೆರಳ ಸಂದಿಯೆಲ್ಲ ಒಡೆದು ನೀರು ಬರುತ್ತಿತ್ತು. ಕೂಲಂಟ್ ಆಯಿಲ್‌ನಿಂದ ಅಂತ ಎಲ್ಲರೂ ಹೇಳಿದರು. ಪ್ಯಾಚ್ ಟೆಸ್ಟಿನಲ್ಲಿ ಕೋಬಾಲ್ಟ್ ++ ಬಂತು, ನಿಕಲ್ ಇಲ್ಲ, ಕ್ರೋಮ್ ಇಲ್ಲ. ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಹಿಡಿದು ಗಟ್ಟಿ ಮಾಡುವುದೇ ಕೋಬಾಲ್ಟ್. ಗ್ರೈಂಡ್ ಮಾಡಿದಾಗ ಅದು ಕೂಲಂಟಿಗೆ ಸೇರುತ್ತದೆ. ಅದೇ ಕೂಲಂಟ್ ಸುತ್ತಿ ಸುತ್ತಿ ಬರುವುದರಿಂದ ದಿನ ಕಳೆದಂತೆ ಜಾಸ್ತಿ ಆಗುತ್ತದೆ. ಈಗ ಕೂಲಂಟ್ ಬೇಗ ಬದಲಾಯಿಸುತ್ತಾರೆ, ನಾನು ಮಿಲ್ಲಿಂಗಿಗೆ ಹೋದೆ. ಕೈ ಸರಿಹೋಗಿದೆ. ಮನೆಯವಳ ಉಮಾಗೋಲ್ಡ್ ಸರ ಮುಟ್ಟಿದರೂ ಸ್ಟೀಲ್ ವಾಚ್ ಕಟ್ಟಿದರೂ ನನಗೆ ಏನೂ ಆಗಲ್ಲ.

ಗಾರೆ_ಮನೆ, ಕಲಬುರಗಿ

ನಮ್ಮಪ್ಪ ಗಾರೆ ಕೆಲಸ ಮಾಡುತ್ತಾರೆ. ಎರಡೂ ಅಂಗೈ, ಮಣಿಕಟ್ಟು ಒಡೆದು ರಕ್ತ ಬರುತ್ತದೆ. ಟೆಸ್ಟಿನಲ್ಲಿ ಕ್ರೋಮ್ ++, ಕೋಬಾಲ್ಟ್ +. ನಿಕಲ್ ಇಲ್ಲ. ಕೈಗೆ ಅಂತ ಚರ್ಮದ ಗವಸು ತಂದುಕೊಟ್ಟೆ, ಇನ್ನೂ ಜಾಸ್ತಿ ಆಯಿತು. ಕ್ರೋಮ್ ಅಂದರೆ ಸ್ಟೀಲ್ ಪಾತ್ರೆಯಲ್ಲೂ ಇರುತ್ತದಲ್ಲ, ಅದರಲ್ಲಿ ಊಟ ಮಾಡಬಾರದಾ?

ಚರ್ಮದ ಡಾಕ್ಟರು, ಮೈಸೂರು

ಗವಸನ್ನು ಇವತ್ತೇ ಬಿಡಿಸಿ. ಚರ್ಮ ಹದ ಮಾಡುವುದೇ ಹೆಚ್ಚಾಗಿ ಕ್ರೋಮಿಯಂ ಲವಣದಿಂದ. ಬೆವರಿದ ಕೈಗೆ ಆ ಗವಸು ಹಾಕಿದರೆ ಸಿಮೆಂಟ್ ಇಲ್ಲದೆಯೂ ಅಲರ್ಜಿ ಏಳುತ್ತದೆ. ಚಪ್ಪಲಿ, ಬೂಟಿನ ಚರ್ಮವೂ ಅಷ್ಟೆ. ಪಾದದ ಮೇಲೂ ಒಡಕು ಇದೆಯಾ ನೋಡಿ. ಒಳಗೆ ಹತ್ತಿಯ ಗವಸು, ಮೇಲೆ ನೈಟ್ರೈಲ್ ಗವಸು ಒಳ್ಳೆಯದು. ರಬ್ಬರ್ ಗವಸು ಕೊಡಿಸುವ ಮೊದಲು ರಿಪೋರ್ಟಿನಲ್ಲಿ ಥೈಯುರಾಮ್ ಎಂಬ ಸಾಲು ಏನು ಬಂದಿದೆ ನೋಡಿ. ಅದು ರಬ್ಬರಿಗೆ ಸೇರಿಸುವ ರಾಸಾಯನಿಕ. ಹಸಿ ಸಿಮೆಂಟ್ ಕೈಗೆ ತಾಗಿದರೆ ಊಟದ ಹೊತ್ತಿನವರೆಗೆ ಕಾಯದೆ ಆಗಲೇ ತೊಳೆಯಬೇಕು.

ಪಾತ್ರೆಯ ಬಗ್ಗೆ ಹೆದರಿಕೆ ಬೇಡ. ಹಸಿ ಸಿಮೆಂಟಿನಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅದು ನೀರಿನಲ್ಲಿ ಕರಗುತ್ತದೆ, ಚರ್ಮದೊಳಗೆ ಸುಲಭವಾಗಿ ಇಳಿಯುತ್ತದೆ. ಸ್ಟೀಲ್ ತಟ್ಟೆಯ ಕ್ರೋಮಿಯಂ ಆ ರೂಪದಲ್ಲಿ ಇಲ್ಲ. ಅಪ್ಪ ಅದರಲ್ಲೇ ಊಟ ಮಾಡಲಿ.

ಉತ್ತರ_ದಿಕ್ಕು, ಕೋಪನ್‌ಹೇಗನ್

ಇಲ್ಲಿ ಡೆನ್ಮಾರ್ಕಿನಲ್ಲಿ 1981ರಲ್ಲೇ ಸಿಮೆಂಟಿಗೆ ಫೆರಸ್ ಸಲ್ಫೇಟ್ ಸೇರಿಸಲು ಶುರುಮಾಡಿದರು. ಆರು ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿಯುತ್ತದೆ, ಕೆಲಸದವರ ಕೈ ಉಳಿಯುತ್ತದೆ. 2005ರಿಂದ ಇಡೀ ಯುರೋಪ್ ಒಕ್ಕೂಟದಲ್ಲಿ ಸಿಮೆಂಟಿಗೆ ಹತ್ತು ಲಕ್ಷಕ್ಕೆ 2 ಭಾಗದ ಮಿತಿ. ಒಡವೆಗೂ ಹಾಗೇ. ಒಕ್ಕೂಟದ ನಿಕಲ್ ನಿಯಮ 1994ರದ್ದು. ಮೈಗೆ ಸದಾ ತಾಗುವ ವಸ್ತು ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕಲ್ ಬಿಡಬಾರದು. ಚುಚ್ಚಿದ ಕಿವಿಗೆ ಹಾಕುವ ಕಡ್ಡಿಗೆ 0.2. ಮೇಷ್ಟ್ರು ಹೇಳಿದ ಹಾಗೆ, ಲೋಹದೊಳಗೆ ಎಷ್ಟಿದೆ ಅಂತ ಕೇಳುವುದಿಲ್ಲ, ಎಷ್ಟು ಬಿಡುತ್ತದೆ ಅಂತ ಅಳೆಯುತ್ತಾರೆ. ಈ ನಿಯಮ ಬಂದ ಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ನಿಕಲ್ ಅಲರ್ಜಿ ಕಡಿಮೆಯಾಗಿದೆ. ನಮ್ಮಲ್ಲಿ ಹಸುಗೂಸಿಗೇ ಕಿವಿ ಚುಚ್ಚುತ್ತೇವೆ. ನಮ್ಮ ಮಕ್ಕಳಿಗೂ ಇಂಥ ಕಾಯಿದೆ ಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಹೊಸ_ಮಂಡಿ, ಉಡುಪಿ

ಅಮ್ಮನಿಗೆ ಎರಡೂ ಮಂಡಿ ಬದಲಾಯಿಸಬೇಕು ಅಂದಿದ್ದಾರೆ. ಅಮ್ಮನಿಗೂ ಗಿಲೀಟಿನ ಸರ ಆಗಲ್ಲ, ಕುತ್ತಿಗೆಯೆಲ್ಲ ಕೆಂಪಾಗುತ್ತದೆ. ಹಾಕುವ ಮಂಡಿ ಕೋಬಾಲ್ಟ್-ಕ್ರೋಮ್ ಅಂತೆ. ಈ ಚರ್ಚೆ ಓದಿ ಗಾಬರಿಯಾಯಿತು. ಟೆಸ್ಟ್ ಮಾಡಿಸಲೇಬೇಕಾ?

ಚರ್ಮದ ಡಾಕ್ಟರು, ಮೈಸೂರು

ಗಾಬರಿಯಾಗಬೇಡಿ. ಎಲ್ಲರಿಗೂ ಮಂಡಿ ಶಸ್ತ್ರಚಿಕಿತ್ಸೆಗೆ ಮೊದಲು ಪ್ಯಾಚ್ ಟೆಸ್ಟ್ ಮಾಡುವ ಪದ್ಧತಿ ಇಲ್ಲ, ಬೇಕಾಗಿಯೂ ಇಲ್ಲ. ಲೋಹ ತಾಗಿದರೆ ಜೋರಾಗಿ ಕೆರಳಿದ ಹಿನ್ನೆಲೆ ಇದ್ದವರಿಗೆ ಮಾಡಿಸಬಹುದು. ನಿಮ್ಮ ಅಮ್ಮ ಆ ಗುಂಪಿಗೆ ಸೇರುತ್ತಾರೆ. ಆ ಮಿಶ್ರಲೋಹದಲ್ಲಿ ಕೋಬಾಲ್ಟ್ ಶೇಕಡಾ 60ಕ್ಕಿಂತ ಹೆಚ್ಚು, ಕ್ರೋಮಿಯಂ ಶೇಕಡಾ 27ರಿಂದ 30, ಮಾಲಿಬ್ಡಿನಂ ಸ್ವಲ್ಪ. ನಿಕಲ್ ಶೇಕಡಾ 1ಕ್ಕಿಂತ ಕಡಿಮೆ.

ಒಂದು ಮಾತು ನೆನಪಿರಲಿ. ಚರ್ಮದ ಮೇಲೆ ಪಾಸಿಟಿವ್ ಬಂದರೆ ಒಳಗೆ ಹಾಕಿದ ಮಂಡಿ ಕೆಡುತ್ತದೆ ಅಂತ ಅರ್ಥವಲ್ಲ. ನಿಕಲ್ ಅಲರ್ಜಿ ಇದ್ದೂ ಅದೇ ಮಂಡಿಯಲ್ಲಿ ಆರಾಮಾಗಿ ನಡೆಯುವವರು ಬಹಳ ಜನ ಇದ್ದಾರೆ. ರಿಪೋರ್ಟ್ ನೋಡಿ ಮೂಳೆ ಡಾಕ್ಟರು ಟೈಟಾನಿಯಂ ಅಥವಾ ಮೇಲ್ಮೈಯನ್ನು ಜಿರ್ಕೋನಿಯಂ ಆಕ್ಸೈಡ್ ಮಾಡಿದ ಭಾಗ ಆರಿಸಬಹುದು. ಟೈಟಾನಿಯಂಗೆ ಮಾತ್ರ ಚರ್ಮದ ಮೇಲೆ ನಂಬುವಂಥ ಪರೀಕ್ಷೆ ಇಲ್ಲ. ಅದನ್ನು ಪಟ್ಟಿಗೆ ಸೇರಿಸಿ ಅಂತ ಒತ್ತಾಯ ಮಾಡಬೇಡಿ.

ಜಾಜಿಹೂ, ದಾವಣಗೆರೆ

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ. ಬಿಸಿಲು ಕಡಿಮೆಯಾಗಲಿ ಅಂತ ಕಾದೆ, ನಮ್ಮ ಊರಿನ ಬೇಸಿಗೆಯಲ್ಲಿ ಬೆನ್ನ ಮೇಲೆ ಪಟ್ಟಿ ನಿಲ್ಲಲ್ಲ. ಈ ಸಲ ಬೇರೆ ಕಡೆ ಮಾಡಿಸಿದೆ. ಅಲ್ಲಿ ಬಹಳ ತಾಳ್ಮೆಯಿಂದ ಮಾಡಿದರು. ಚಿಕ್ಕ ಅಲ್ಯೂಮಿನಿಯಂ ಬಟ್ಟಲುಗಳಲ್ಲಿ ಮುಲಾಮು ತುಂಬಿ, ಒಂದಕ್ಕೊಂದು ಅಂಗೈಯಷ್ಟು ದೂರ ಅಂಟಿಸಿ, ಸುತ್ತ ಮಾರ್ಕರಿನಿಂದ ಗುರುತು ಹಾಕಿದರು. ಸ್ನಾನ ಮಾಡುವಾಗ ಬೆನ್ನು ನೆನೆಸಬಾರದು, ಭಾರ ಎತ್ತಬಾರದು, ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಬಾರದು ಅಂದರು. ಪಟ್ಟಿ ತೆಗೆದ ದಿನ, ನಾಲ್ಕನೇ ದಿನ, ಏಳನೇ ದಿನ ಮೂರು ಸಲವೂ ನೋಡಿದರು.

ಕೋಬಾಲ್ಟ್: ಮೊದಲ ದಿನ ಅದೇ ಚುಕ್ಕೆ, ನಾಲ್ಕನೇ ದಿನಕ್ಕೆ ಮಾಯ. ನೆಗೆಟಿವ್.
ಕ್ರೋಮ್: ನೆಗೆಟಿವ್.
ಪಲ್ಲಾಡಿಯಂ: ಪಟ್ಟಿ ತೆಗೆದಾಗ ಅನುಮಾನ. ನಾಲ್ಕನೇ ದಿನ ಉಬ್ಬಿ ಕೆರೆತ, +. ಏಳನೇ ದಿನವೂ ಇತ್ತು.

ನನಗೆ ಅರ್ಥವಾಗದೇ ಇರುವುದು ಇಷ್ಟು. ಪಲ್ಲಾಡಿಯಂ ಇರುವ ವಸ್ತು ನಾನು ಜೀವನದಲ್ಲಿ ಹಾಕಿಯೇ ಇಲ್ಲ. ಬಿಳಿ ಬಂಗಾರ ಇಲ್ಲ, ಹಲ್ಲಿನ ಕ್ಯಾಪ್ ಇದೇ ಮೊದಲು. ಅಲರ್ಜಿ ಎಲ್ಲಿಂದ ಬಂತು?

ಚರ್ಮದ ಡಾಕ್ಟರು, ಮೈಸೂರು

ನಿಮಗೆ ಬಂದದ್ದು ನಿಜವಾದ ಕ್ರಾಸ್ ರಿಯಾಕ್ಷನ್. ನಿಕಲ್ ಮತ್ತು ಪಲ್ಲಾಡಿಯಂ ಆವರ್ತ ಕೋಷ್ಟಕದ ಒಂದೇ ಗುಂಪಿನವು, ಹತ್ತನೇ ಗುಂಪು. ಅದರ ಕೆಳಗೆ ಪ್ಲಾಟಿನಂ. ಪಲ್ಲಾಡಿಯಂ ಪಾಸಿಟಿವ್ ಬರುವವರಲ್ಲಿ ಹೆಚ್ಚಿನವರಿಗೆ ನಿಕಲ್ ಕೂಡ ಪಾಸಿಟಿವ್ ಇರುತ್ತದೆ. ಪಲ್ಲಾಡಿಯಂ ಒಂದೇ ಪಾಸಿಟಿವ್ ಆಗುವವರು ಬಹಳ ಅಪರೂಪ. ಮೊದಲು ನಿಕಲ್ಲಿಗೆ ಬಂತು, ಅದೇ ಕೋಶಗಳು ಪಲ್ಲಾಡಿಯಂ ಕಂಡಾಗಲೂ ಏಳುತ್ತವೆ.

ಇದನ್ನು ಒರೆಗೆ ಹಚ್ಚಿ ನೋಡಿದ ಒಂದು ಕೆಲಸ ಸ್ವೀಡನ್ನಿನಲ್ಲಿ ಆಗಿದೆ, 2005ರಲ್ಲಿ ಪ್ರಕಟವಾಯಿತು. ಮೊದಲೇ ಪ್ಯಾಚ್ ಟೆಸ್ಟ್ ಆಗಿ, ಬೆನ್ನಿನ ಗುರುತು ಮಾಗಿದ ಜನರಿಗೆ ನಿಕಲ್ಲನ್ನು ಬಾಯಿಯ ಮೂಲಕ ಕೊಟ್ಟರು. ಹಳೇ ನಿಕಲ್ ಜಾಗ ಮತ್ತೆ ಕೆಂಪೇರಿತು, ಅದು ನಿರೀಕ್ಷಿಸಿದ್ದೇ. ಜೊತೆಗೆ ಹಳೇ ಪಲ್ಲಾಡಿಯಂ ಜಾಗವೂ ಕೆಂಪೇರಿತು. ಪಲ್ಲಾಡಿಯಂ ಕೊಟ್ಟೇ ಇರಲಿಲ್ಲ. ಆ ಜಾಗದಲ್ಲಿ ಕಾದು ಕುಳಿತಿದ್ದ ಕೋಶಗಳು ನಿಕಲ್ಲನ್ನೂ ಗುರುತಿಸಿದವು ಅಂತಲೇ ಅರ್ಥ. ಕ್ರಾಸ್ ರಿಯಾಕ್ಷನ್ ಅನ್ನಲು ಇಂಥ ಪುರಾವೆ ಬೇಕು. ಒಂದು ದಿನದ ಮೂರು ಕೆಂಪು ವೃತ್ತ ಸಾಲದು.

ನಿಮಗೆ ಯಾವ ಲವಣದಿಂದ ಪರೀಕ್ಷೆ ಮಾಡಿದರು ಗೊತ್ತಾ? ಹಳೆಯದು ಪಲ್ಲಾಡಿಯಂ ಕ್ಲೋರೈಡ್. ಅದು ಕೆಲವರನ್ನು ತಪ್ಪಿಸಿಬಿಡುತ್ತದೆ. ಸೋಡಿಯಂ ಟೆಟ್ರಾಕ್ಲೋರೋಪಲ್ಲಾಡೇಟ್ ಶೇಕಡಾ 3 ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಜಾಜಿಹೂ, ದಾವಣಗೆರೆ

ಎರಡನೆಯದೇ ಮೇಡಂ, ರಿಪೋರ್ಟಿನಲ್ಲಿ ಅದೇ ಉದ್ದ ಹೆಸರಿದೆ. ಹಾಗಾದರೆ ದುಬಾರಿ ಅಂತ ಒಳ್ಳೆಯದು ಎಂದುಕೊಂಡಿದ್ದ ಬಂಗಾರ-ಪಲ್ಲಾಡಿಯಂ ನನಗೆ ಬೇಡ, ಬೇಡವೇ ಬೇಡ ಅಂದುಕೊಂಡಿದ್ದ ಕೋಬಾಲ್ಟ್-ಕ್ರೋಮ್ ನಡೆಯುತ್ತದೆ. ಸರಿ ತಾನೇ?

ಚರ್ಮದ ಡಾಕ್ಟರು, ಮೈಸೂರು

ಸರಿ. ಕೋಬಾಲ್ಟ್-ಕ್ರೋಮ್ ಆದರೆ ನಿಕಲ್ ಸೇರಿಸದ ಮಿಶ್ರಲೋಹವೇ ಅಂತ ಲ್ಯಾಬಿನಿಂದ ಬರೆಸಿಕೊಳ್ಳಿ. ಪೂರ್ತಿ ಜಿರ್ಕೋನಿಯಾ ಕ್ಯಾಪ್ ಹಾಕಿಸುವ ಅನುಕೂಲ ಇದ್ದರೆ ಇನ್ನೂ ನಿಶ್ಚಿಂತೆ, ಅದು ಪಿಂಗಾಣಿ ಜಾತಿಯದು, ಒಳಗೆ ಲೋಹದ ಪದರ ಇರುವುದಿಲ್ಲ. ಮುಂದೆ ಯಾವತ್ತಾದರೂ ಹಲ್ಲಿಗೆ ತಂತಿ ಕಟ್ಟಿಸುವ ಮಾತು ಬಂದರೆ ಮೊದಲೇ ಹೇಳಿ. ಬಾಗಿಸಿದರೂ ನೆಟ್ಟಗಾಗುವ ಆ ತಂತಿ ನಿಕಲ್-ಟೈಟಾನಿಯಂ, ಹೆಚ್ಚುಕಡಿಮೆ ಅರ್ಧ ನಿಕಲ್. ಸ್ಟೀಲ್ ಪಾತ್ರೆ, ಹಳದಿ ಬಂಗಾರ, ಬೆಳ್ಳಿ ಕಾಲುಂಗುರ ಎಲ್ಲಾ ಇರಲಿ. ಬಿಡಬೇಕಾದ್ದು ಉಮಾಗೋಲ್ಡ್, ಜರ್ಮನ್ ಸಿಲ್ವರ್, ಬಿಳಿ ಬಂಗಾರ ಮತ್ತು ಆ ಪಿನ್ನು.

ಟೂಲ್‌ರೂಮ್_ಪೀಣ್ಯ, ಬೆಂಗಳೂರು

ಜಾಜಿಹೂ ಅಕ್ಕಾ, ಹಳೇ ರಿಪೋರ್ಟನ್ನು ಫೈಲಿನಿಂದ ತೆಗೆದು ಬೇರೆ ಇಡಿ. ಇಲ್ಲದಿದ್ದರೆ ಮುಂದೆ ಯಾರೋ ಅದನ್ನೇ ನೋಡಿ ಮತ್ತೆ ಎಲ್ಲಾ ಲೋಹ ಬೇಡ ಅಂತಾರೆ.

ಗಾರೆ_ಮನೆ, ಕಲಬುರಗಿ

ಮೇಡಂ, ಅಪ್ಪನಿಗೆ ಗವಸು ಬದಲಾಯಿಸಿದೆ, ಕೈ ಮಾಗುತ್ತಿದೆ. ಅವರ ಕೋಬಾಲ್ಟ್ + ಕೂಡ ಜಾಜಿಹೂ ಅಕ್ಕನದರ ಹಾಗೆ ಸುಮ್ನೆ ಬಂದದ್ದಿರಬಹುದಾ? ಮತ್ತೆ ಟೆಸ್ಟ್ ಮಾಡಿಸಲಾ?

ಚರ್ಮದ ಡಾಕ್ಟರು, ಮೈಸೂರು

ಇರಬಹುದು. ಆದರೆ ಸಿಮೆಂಟ್ ಕೆಲಸದವರಲ್ಲಿ ಕ್ರೋಮ್ ಜೊತೆ ಕೋಬಾಲ್ಟ್ ನಿಜವಾಗಿಯೂ ಬರುತ್ತದೆ, ಆದ್ದರಿಂದ ಸುಮ್ನೆ ತಳ್ಳಿಹಾಕಲು ಆಗಲ್ಲ. ಈಗಲೇ ಬೇಡ. ಕೈಯ ಒಡಕು ಪೂರ್ತಿ ಮಾಗಲಿ, ಒಡಕು ಜೋರಾಗಿರುವಾಗ ಮಾಡಿದರೆ ಬೆನ್ನೂ ಸುಳ್ಳು ಹೇಳುತ್ತದೆ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ಮುಗಿದ ಮೇಲೆ, ಕೋಬಾಲ್ಟ್ ಒಂದನ್ನೇ ಬೇರೆಯಾಗಿ ಹಾಕಿಸಿ, ಏಳನೇ ದಿನದವರೆಗೂ ನೋಡಲು ಹೇಳಿ. ಪಟ್ಟಿ ಅಂಟಿಸಿರುವ ದಿನಗಳಲ್ಲಿ ಅಪ್ಪ ಕೆಲಸಕ್ಕೆ ಹೋಗಬಾರದು, ಬೆವರಿಗೆ ಅದು ಕಿತ್ತು ಬರುತ್ತದೆ. ಕೂಲಿ ತಪ್ಪುತ್ತದೆ ಅಂತ ಗೊತ್ತು, ಅದಕ್ಕೇ ಕೆಲಸ ಕಡಿಮೆ ಇರುವ ಮಳೆಗಾಲದ ವಾರ ಆರಿಸಿಕೊಳ್ಳಿ.